ಈ ಕಿವಿ ಯಾಕೆ ಒಣಗಲಿಲ್ಲ?

ಬೆಳಗಾದರೆ ತಾಯಿ ಹಾಸಿಗೆ ಎತ್ತುತ್ತಾಳೆ. ಮಗು ತಲೆ ಇಟ್ಟು ಮಲಗಿದ್ದ ಕಡೆ ಕೌದಿಯ ಮೇಲೆ ಹಳದಿ ಕಲೆ. ನಿನ್ನೆಯೂ ಇತ್ತು. ಹೋದ ಅಮಾವಾಸ್ಯೆಗೂ ಇತ್ತು. ಸೆರಗಿನ ತುದಿ ಹೊಸೆದು ಕಿವಿ ಒರೆಸಿ, ಕೌದಿ ಮಡಚಿ ಮೂಲೆಗಿಟ್ಟು, ಆಕೆ ಹೊಲದ ದಾರಿ ಹಿಡಿಯುತ್ತಾಳೆ. ನಮ್ಮ ಕಲಬುರಗಿ ಜಿಲ್ಲೆಯ ಆಳಂದದ ನಿಂಬರ್ಗಾ ಇರಲಿ, ಅಫಜಲಪುರದ ಕರಜಗಿ ಇರಲಿ, ಜೇವರ್ಗಿಯ ನೆಲೋಗಿ ಇರಲಿ, ಈ ಕಲೆ ಯಾರನ್ನೂ ನಿಂತು ನೋಡುವಂತೆ ಮಾಡುವುದಿಲ್ಲ. ಓಣಿಯ ಹಿರಿಯರು ಸಮಾಧಾನ ಹೇಳುತ್ತಾರೆ: "ಹುಡುಗರ ಕಿವಿ ಸೋರೂದು ಇದ್ದದ್ದೇ ಅದ ತಾಯಿ. ದೊಡ್ಡಾದ ಮ್ಯಾಲ ತಾನೇ ನಿಂತ ಹೋಗ್ತದ."

ಆ ಮಾತಿನಲ್ಲಿ ಅಕ್ಕರೆ ಇದೆ, ಅನುಭವವೂ ಇದೆ. ಆದರೂ ನಾನಿಂದು ಆ ಮಾತಿನ ವಿರುದ್ಧವೇ ಬರೆಯಲು ಕುಳಿತಿದ್ದೇನೆ. ಏಕೆಂದರೆ ಆ "ಇದ್ದದ್ದೇ ಅದ" ಎಂಬ ಎರಡು ಪದಗಳ ಮರೆಯಲ್ಲಿ ಒಂದು ಕಾಯಿಲೆ ಅಡಗಿ ಕೂರುತ್ತದೆ. ಅದು ಮಗುವಿನ ಕಿವಿಯ ಎಲುಬನ್ನು ಒಳಗಿಂದೊಳಗೆ ಕರಗಿಸುತ್ತಿರುವಾಗ ನಾವು ಹೊರಗಿನಿಂದ ಎಣ್ಣೆ ಬಿಡುತ್ತಿರುತ್ತೇವೆ.

ಮೊದಲೇ ಒಂದು ಧೈರ್ಯದ ಮಾತು ಹೇಳಿಬಿಡಬೇಕು. ಸೋರುವ ಕಿವಿಗಳಲ್ಲಿ ಬಹುಪಾಲು ಸಾಮಾನ್ಯ ಸೋಂಕಿನವೇ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳವಿದೆ. ಎಳೆಯ ಮಕ್ಕಳಲ್ಲಿ ಅದು ಗಿಡ್ಡವಾಗಿ, ಅಡ್ಡವಾಗಿ ಇರುತ್ತದೆ. ನೆಗಡಿಯಾದಾಗ ಅದೇ ದಾರಿಯಲ್ಲಿ ಸೋಂಕು ಕಿವಿ ಸೇರುತ್ತದೆ, ಕೀವು ಕಟ್ಟುತ್ತದೆ, ತಮಟೆ ಹರಿದು ಹೊರಗೆ ಬರುತ್ತದೆ. ಸರಿಯಾದ ಔಷಧಿ ಸರಿಯಾದಷ್ಟು ದಿನ ಬಿದ್ದರೆ, ಕಿವಿಯನ್ನು ಒಣಗಿಸಿ ಇಟ್ಟರೆ, ಅದು ವಾಸಿಯಾಗುತ್ತದೆ. ಹಾಗಾಗಿ ಇದನ್ನು ಓದಿ ಯಾವ ತಾಯಿಯೂ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ನಾನು ಕೇಳುತ್ತಿರುವುದು ಉಳಿದ ಕಿವಿಗಳ ಬಗ್ಗೆ. ಔಷಧಿ ಬಿದ್ದರೂ ಒಣಗದ ಕಿವಿಗಳ ಬಗ್ಗೆ.

ಅಂಥ ಒಣಗದ ಕಿವಿಗಳ ಪೈಕಿ ಅಪರೂಪಕ್ಕೊಂದರ ಹಿಂದೆ ಇರುವ ಕಾಯಿಲೆಯ ಹೆಸರು ಲ್ಯಾಂಗರ್‌ಹಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್. ವೈದ್ಯರು ಚಿಕ್ಕದಾಗಿ ಎಲ್‌ಸಿಎಚ್ ಎನ್ನುತ್ತಾರೆ. ನಮ್ಮ ಮೈಯ ಚರ್ಮದಲ್ಲಿ ಕೆಲವು ಕಾವಲು ಕಣಗಳಿವೆ. ಹೊರಗಿನಿಂದ ಬಂದ ರೋಗಾಣುವನ್ನು ಹಿಡಿದು, "ಇಂಥವನು ಒಳಗೆ ಬಂದಿದ್ದಾನೆ" ಎಂದು ದೇಹದ ರಕ್ಷಣಾ ಪಡೆಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಈ ಕಾಯಿಲೆಯಲ್ಲಿ ಅದೇ ಕಾವಲು ಕಣಗಳನ್ನು ಹೋಲುವ ಕಣಗಳು ಲಗಾಮಿಲ್ಲದೆ ಹೆಚ್ಚುತ್ತವೆ, ಒಂದೆಡೆ ಗುಂಪುಗೂಡುತ್ತವೆ, ಕೂತ ಜಾಗವನ್ನೇ ತಿನ್ನುತ್ತವೆ. ಮಕ್ಕಳಲ್ಲಿ ಅವು ಹೆಚ್ಚಾಗಿ ಕೂರುವುದು ಎಲುಬಿನಲ್ಲಿ, ಅದರಲ್ಲೂ ತಲೆಬುರುಡೆಯಲ್ಲಿ. ಕಿವಿಯನ್ನು ಹೊತ್ತಿರುವ ಎಲುಬು ಆ ಬುರುಡೆಯದೇ ಭಾಗ.

ನುಸಿ ಹತ್ತಿದ ತೊಗರಿಕಾಳನ್ನು ನಮ್ಮವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಮೇಲೆ ಕಾಳು ಗುಂಡಗೆ ಇರುತ್ತದೆ, ಒಡೆದರೆ ಒಳಗೆ ಪೊಳ್ಳು. ಈ ಕಾಯಿಲೆ ಬಂದ ಮಗುವಿನ ಸಿ.ಟಿ. ಸ್ಕ್ಯಾನ್ ನೋಡಿದರೆ ಕಿವಿಯ ಹಿಂದಿನ ಎಲುಬಿನಲ್ಲಿ ಹಾಗೆಯೇ ಕೊರೆದಂಥ ತೂತುಗಳು ಕಾಣುತ್ತವೆ. ಎಲುಬು ತಿಂದು ಬೆಳೆದ ಮೆತ್ತನೆಯ ಮಾಂಸ ಕಿವಿಯ ಹಾದಿಯೊಳಗೆ ಗಂಟಿನಂತೆ ಇಣುಕುತ್ತದೆ. ಅದರ ಸುತ್ತ ನೀರು, ಕೀವು, ಕೆಲವೊಮ್ಮೆ ರಕ್ತ. ಅದರ ಮೇಲೆ ನಿಜವಾದ ಸೋಂಕೂ ಬಂದು ಕೂರುತ್ತದೆ. ಔಷಧಿ ಬಿಟ್ಟಾಗ ಆ ಸೋಂಕು ತುಸು ತಗ್ಗುತ್ತದೆ, ಕೀವು ಕಡಿಮೆಯಾಗುತ್ತದೆ, ಮನೆಯವರು ಉಸಿರು ಬಿಡುತ್ತಾರೆ. ವಾರ ಕಳೆದರೆ ಮತ್ತೆ ಕೌದಿಯ ಮೇಲೆ ಕಲೆ. ಮೋಸ ಇರುವುದೇ ಇಲ್ಲಿ. ಕಣ್ಣಿಗೆ ಕಾಣುವ ಸೋಂಕು ಸುಳ್ಳಲ್ಲ. ಆದರೆ ಅದು ಬಾಗಿಲಿಗೆ ಇಳಿಬಿಟ್ಟ ಪರದೆ, ಮನೆ ಹಿಂದಿದೆ.

ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಬರ್ಲಿನ್ನಿನ ತರುಣ 1868ರಲ್ಲಿ, ಇನ್ನೂ ವೈದ್ಯಕೀಯ ಓದುತ್ತಿದ್ದಾಗಲೇ, ಚರ್ಮದೊಳಗೆ ಕೈಕಾಲು ಚಾಚಿದಂತಿದ್ದ ಆ ಕಾವಲು ಕಣಗಳನ್ನು ಮೊದಲು ಕಂಡ. ಕಂಡವನೇ ಅವನ್ನು ನರದ ಕಣಗಳೆಂದು ತಪ್ಪು ತಿಳಿದ. ಮುಂದೆ ಈ ಕಾಯಿಲೆಗೆ ಮೂರು ಬೇರೆ ಬೇರೆ ಹೆಸರು ಬಿದ್ದವು. ಮೂರೂ ಒಂದೇ ಮನೆತನದವು ಎಂದು ಲಿಖ್ಟೆನ್‌ಸ್ಟೈನ್ ಎಂಬ ತಜ್ಞ 1953ರಲ್ಲಿ ಒಟ್ಟುಗೂಡಿಸಿದಾಗಲೂ, ಇಟ್ಟ ಹೆಸರಿನ ಕೊನೆಗೆ ಗೊತ್ತಿಲ್ಲವೆಂಬುದರ ಗುರುತಾಗಿ ‘ಎಕ್ಸ್’ ಅಕ್ಷರ ಸೇರಿಸಬೇಕಾಯಿತು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಈ ಕಣಗಳ ಒಂದು ನಿರ್ದಿಷ್ಟ ಜೀನ್ ಕೆಟ್ಟಿರುತ್ತದೆ ಎಂದು ಗೊತ್ತಾಗಿದ್ದು 2010ರಲ್ಲಿ. ಕಾಯಿಲೆ ಕ್ಯಾನ್ಸರಿನ ಬಳಗಕ್ಕೆ ಸೇರಿದ್ದೆಂದು ವಿಜ್ಞಾನ ಗಟ್ಟಿಯಾಗಿ ಹೇಳಿದ್ದೇ ಆಮೇಲೆ. ಗುರುತು ತಪ್ಪುವುದು ಈ ಕಾಯಿಲೆಯ ಹುಟ್ಟುಗುಣವೆಂದೇ ಹೇಳಬೇಕು. ಹಾಗಾಗಿ ಊರಿನ ಒಬ್ಬ ವೈದ್ಯ ಮೊದಲ ಸಲ ನೋಡಿ ಗುರುತು ಹಿಡಿಯಲಿಲ್ಲವೆಂದು ಅವರ ಮೇಲೆ ಕಲ್ಲೆಸೆಯಲು ನಾನು ತಯಾರಿಲ್ಲ. ಮೊದಲ ಸಲ ತಪ್ಪುವುದು ಕ್ಷಮೆಗೆ ಅರ್ಹ. ಐದನೇ ಸಲವೂ ಅದೇ ಬಾಟಲಿಯನ್ನು ಬರೆದುಕೊಡುವುದು ಕ್ಷಮೆಗೆ ಅರ್ಹವಲ್ಲ.

ಎಷ್ಟು ಅಪರೂಪ ಇದು? ಹದಿನೈದು ವರ್ಷದೊಳಗಿನ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ನಾಲ್ಕೈದು ಮಕ್ಕಳಿಗೆ ಬರುತ್ತದೆ. ಒಂದರಿಂದ ಮೂರು ವರ್ಷದ ಕೂಸುಗಳಲ್ಲಿ ಹೆಚ್ಚು. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯಲ್ಲಿ 25 ಲಕ್ಷ 66 ಸಾವಿರ ಜನ. ಮೂವರಲ್ಲಿ ಒಬ್ಬರು ಆ ವಯಸ್ಸಿನವರೆಂದು ಹಿಡಿದು ಲೆಕ್ಕ ಹಾಕಿ. ಇಡೀ ಜಿಲ್ಲೆಗೆ ವರ್ಷಕ್ಕೆ ಮೂರು ನಾಲ್ಕು ಮಕ್ಕಳು. ಆಳಂದ, ಅಫಜಲಪುರ, ಜೇವರ್ಗಿ ಸೇರಿ ಒಂದು ಮಗುವಿನ ಆಸುಪಾಸು. ಆ ಮಕ್ಕಳೆಲ್ಲರಿಗೂ ಕಿವಿಯಲ್ಲೇ ಬರುವುದಿಲ್ಲ. ಅಂದರೆ ಈ ಮೂರು ತಾಲೂಕುಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಒಂದು ಮಗುವಿನ ಕಿವಿ.

ಒಂದು ಮಗುವಿಗಾಗಿ ಇಷ್ಟು ಕೂಗಬೇಕೇ ಎಂದು ಕೇಳುವವರಿದ್ದಾರೆ. ಹೊಟ್ಟೆಗಿಲ್ಲದ ಮಕ್ಕಳು, ರಕ್ತವಿಲ್ಲದ ಬಸುರಿಯರು, ಡಾಕ್ಟರಿಲ್ಲದ ಆಸ್ಪತ್ರೆಗಳು ಇರುವ ಸೀಮೆಯಲ್ಲಿ ಅಪರೂಪದ ಕಾಯಿಲೆಯ ಮಾತು ಉಳ್ಳವರ ಚಿಂತೆಯಲ್ಲವೇ ಎಂದೂ ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರವೂ ಹಾಗೇ ಇರಬೇಕು.

ಒಣಗದ ಕಿವಿಯ ಹಿಂದೆ ಎಲ್‌ಸಿಎಚ್ ಒಂದೇ ಇರುವುದಿಲ್ಲ. ಕೊಲೆಸ್ಟಿಯಟೋಮ ಎಂಬ ಚರ್ಮದ ಗಡ್ಡೆ ಕಿವಿಯೊಳಗೆ ಬೆಳೆದು ಎಲುಬನ್ನು ಸವೆಸಿ ಮೆದುಳಿನವರೆಗೆ ಸೋಂಕು ಮುಟ್ಟಿಸಬಲ್ಲದು. ಅದು ಎಲ್‌ಸಿಎಚ್‌ನಷ್ಟು ಅಪರೂಪವಲ್ಲ. ಕ್ಷಯ ಶ್ವಾಸಕೋಶದಲ್ಲಷ್ಟೇ ಅಲ್ಲ, ಕಿವಿಯಲ್ಲೂ ಮನೆ ಮಾಡುತ್ತದೆ. ನೋವಿಲ್ಲದೆ ತಿಂಗಳುಗಟ್ಟಲೆ ಸೋರಿಸುತ್ತದೆ. ಮಕ್ಕಳ ಸ್ನಾಯುವಿನ ಒಂದು ಕ್ಯಾನ್ಸರ್ ಕೂಡ ಕಿವಿಯ ಸೋಂಕಿನ ವೇಷದಲ್ಲೇ ಬರುತ್ತದೆ. ಇನ್ನು, ಬರೀ ಸೋಂಕೇ ಆದರೂ ವರ್ಷಗಟ್ಟಲೆ ಸೋರಿದ ಕಿವಿ ಕೇಳುವ ಶಕ್ತಿ ಕಳೆದುಕೊಳ್ಳುತ್ತದೆ. ಕಿವಿ ಸೋರುವ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳ ಸಾಲಿನಲ್ಲಿ ಭಾರತವನ್ನು ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲೇ ಇರಿಸಿತ್ತು. ಈ ಎಲ್ಲಾ ಮಕ್ಕಳನ್ನೂ ಹಿಡಿದು ನಿಲ್ಲಿಸುವ ಪ್ರಶ್ನೆ ಒಂದೇ: ಈ ಕಿವಿ ಯಾಕೆ ಒಣಗಲಿಲ್ಲ? ಆ ಒಂದು ಮಗುವಿಗಾಗಿ ನಾವು ಪ್ರಶ್ನೆ ಕೇಳಲು ಕಲಿತರೆ ಉಳಿದ ಸಾವಿರಾರು ಮಕ್ಕಳ ಕಿವಿ ಉಳಿಯುತ್ತದೆ. ಅಪರೂಪದ ಮಗುವನ್ನು ಕಾಯುವ ಕಣ್ಣು, ಸಾಮಾನ್ಯ ಮಗುವನ್ನೂ ಕಾಯುವ ಕಣ್ಣೇ.

ಎಲ್‌ಸಿಎಚ್ ಸಾಮಾನ್ಯವಾಗಿ ಸುಳಿವು ಕೊಡದೆ ಬರುವುದಿಲ್ಲ. ಕೊಟ್ಟ ಸುಳಿವಿಗೆಲ್ಲ ನಮ್ಮಲ್ಲೊಂದು ಸಿದ್ಧ ಸಮಾಧಾನ ಇರುವುದೇ ತೊಂದರೆ.

ಮಗುವಿನ ನೆತ್ತಿಯ ಮೇಲೆ ಹೊಟ್ಟಿನಂಥ, ಎಣ್ಣೆ ಅಂಟಿದಂಥ ಹಕ್ಕಳೆ ಏಳುತ್ತದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕೆಂಪು ಗಂದೆಗಳು ಮೂಡುತ್ತವೆ. ಎರೆದು ಎಣ್ಣೆ ಹಚ್ಚಿದರೆ ಹೋಗುತ್ತದೆ ಎನ್ನುತ್ತೇವೆ. ಹಲ್ಲು ಬೀಳುವ ವಯಸ್ಸಿಗೆ ಮುಂಚೆಯೇ ಹಲ್ಲು ಅಲುಗುತ್ತದೆ, ವಸಡು ಊದುತ್ತದೆ. ಹಾಲುಹಲ್ಲು, ಹೋಗಲಿ ಬಿಡು ಎನ್ನುತ್ತೇವೆ. ತಲೆಯ ಮೇಲೆ ಮೆತ್ತನೆಯ ಬುಗುಟು ಕೈಗೆ ಸಿಗುತ್ತದೆ. ಆಡುವಾಗ ಬಿದ್ದಿರಬೇಕು ಎನ್ನುತ್ತೇವೆ. ಒಂದು ಕಣ್ಣು ಮುಂದೆ ಬಂದಂತೆ ಕಾಣುತ್ತದೆ. ದೃಷ್ಟಿ ತೆಗೆಯುತ್ತೇವೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನೀರಡಿಕೆ. ಕಿವಿಯ ಎಲುಬಿನಲ್ಲಿ, ಮುಖದ ಎಲುಬಿನಲ್ಲಿ ಈ ಕಾಯಿಲೆ ಕೂತ ಮಕ್ಕಳಲ್ಲಿ ಅದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಕಡೆ ಹರಡುವ ಭಯ ಹೆಚ್ಚು. ಆ ಗ್ರಂಥಿ ಕೆಟ್ಟರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಮಗು ತಂಬಿಗೆ ತಂಬಿಗೆ ನೀರು ಕುಡಿಯುತ್ತದೆ, ರಾತ್ರಿ ನಾಲ್ಕೈದು ಸಲ ಎದ್ದು ಉಚ್ಚೆ ಹೊಯ್ಯುತ್ತದೆ, ಮತ್ತೆ ನೀರು ಕೇಳುತ್ತದೆ. ಇದು ಸಕ್ಕರೆ ಕಾಯಿಲೆಯಲ್ಲ, ಇದಕ್ಕೆ ಬೇರೆಯೇ ಹೆಸರಿದೆ: ಡಯಾಬಿಟಿಸ್ ಇನ್ಸಿಪಿಡಸ್. ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಬಾಳಿಡೀ ಔಷಧಿ ಬೇಕು. ಈಗ ಯೋಚಿಸಿ: ಏಪ್ರಿಲ್-ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ನಮ್ಮ ನೆಲದಲ್ಲಿ ಒಂದು ಮಗು ನೀರು ನೀರು ಎಂದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಬಿಸಿಲು ನಮ್ಮ ಮಕ್ಕಳ ಕಾಯಿಲೆಯನ್ನೂ ಮುಚ್ಚಿಡುತ್ತದೆ. ಬಡತನ ಮುಚ್ಚಿಡುತ್ತದೆ. ದುಡಿಮೆ ಮುಚ್ಚಿಡುತ್ತದೆ. ಆದ್ದರಿಂದಲೇ ಮುಚ್ಚಿದ್ದನ್ನು ತೆರೆದು ನೋಡುವ ಹೊಣೆ ನಮ್ಮ ಮೇಲೆ ಬೇರೆಯವರಿಗಿಂತ ಹೆಚ್ಚಾಗಿ ಬೀಳುತ್ತದೆ.

ಸೋರುವ ಕಿವಿ ನಮ್ಮೂರುಗಳಲ್ಲಿ ಹಿಡಿಯುವ ದಾರಿಯನ್ನು ನೆನೆಸಿಕೊಳ್ಳಿ. ಮೊದಲು ಮನೆಯಲ್ಲಿ ಬೆಳ್ಳುಳ್ಳಿ ಕಾಸಿದ ಎಣ್ಣೆ. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಬಾಯಿಮಾತಿಗೆ ಸಿಕ್ಕ ಕಿವಿಯ ಹನಿ. ಆಮೇಲೆ ಊರಲ್ಲೇ ಇಂಜೆಕ್ಷನ್ ಮಾಡುವವರ ಹತ್ತಿರ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ಮತ್ತೊಂದು ಔಷಧಿ. ಅಷ್ಟರಲ್ಲಿ ತೊಗರಿ ರಾಶಿ ಮುಗಿದು ಮನೆಮಂದಿ ಕಬ್ಬು ಕಡಿಯಲೋ ಪುಣೆ, ಮುಂಬೈಗೆ ದುಡಿಯಲೋ ಹೊರಟರೆ, ಅಲ್ಲಿ ಮತ್ತೊಬ್ಬರು, ಮತ್ತೊಂದು ಬಾಟಲಿ. ತಿರುಗಿ ಬಂದ ಮೇಲೆ ಸೊಲ್ಲಾಪುರವೋ ಕಲಬುರಗಿಯೋ. ದಾರಿಯಲ್ಲಿ ಸಿಕ್ಕ ಒಬ್ಬೊಬ್ಬರೂ ಆ ಮಗುವನ್ನು ಒಂದು ದಿನ ನೋಡುತ್ತಾರೆ. ಹಳೆಯ ಚೀಟಿ ಕಳೆದಿರುತ್ತದೆ, ಹಳೆಯ ಬಾಟಲಿ ತಿಪ್ಪೆ ಸೇರಿರುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಅದು ಹೊಸದಾಗಿ ಸೋರುತ್ತಿರುವ ಕಿವಿ. ಎಲ್ಲರೂ ಮೊದಲ ದಿನದ ಔಷಧಿಯನ್ನೇ ಕೊಡುತ್ತಾರೆ.

ಈ ಕಾಯಿಲೆಯ ಗುರುತು ಒಂದು ದಿನದ ನೋಟದಲ್ಲಿ ಸಿಗುವುದಿಲ್ಲ. ಅದು ಇರುವುದು ದಿನಗಳ ಲೆಕ್ಕದಲ್ಲಿ. ಆ ಲೆಕ್ಕ ಪೂರ್ತಿಯಾಗಿ ಇರುವುದು ಒಬ್ಬಳ ಹತ್ತಿರ ಮಾತ್ರ. ಬೆಳಗಾದರೆ ಕೌದಿ ಮಡಚುವ ತಾಯಿಯ ಹತ್ತಿರ. ಅವಳನ್ನು ಯಾರೂ ಕೂರಿಸಿ ಕೇಳುವುದಿಲ್ಲ. "ಎಷ್ಟ ದಿನ ಆಯ್ತವ್ವಾ? ಮೊದಲ ಏನೇನ್ ಹಾಕಿದ್ರಿ? ಹಾಕಿದಾಗ ಒಣಗಿತ್ತೇನು?" ಈ ಮೂರು ಪ್ರಶ್ನೆಗೆ ಹಿಡಿಯುವ ಸಮಯ ಎರಡು ನಿಮಿಷ. ಆ ಎರಡು ನಿಮಿಷ ಸಿಗದ್ದಕ್ಕೆ ತಿಂಗಳುಗಳು ಹೋಗುತ್ತವೆ. ಆ ತಿಂಗಳುಗಳಲ್ಲಿ ಎಲುಬು ಹೋಗುತ್ತದೆ, ಶ್ರವಣ ಹೋಗುತ್ತದೆ, ಒಮ್ಮೊಮ್ಮೆ ಗ್ರಂಥಿಯೂ ಹೋಗುತ್ತದೆ. ಈ ಕಾಯಿಲೆ ಎರಡೂ ಕಿವಿಗೆ ಬರುವುದುಂಟು. ಮಾತು ಕಲಿಯುವ ವಯಸ್ಸಿನ ಕೂಸಿಗೆ ಎರಡೂ ಕಿವಿ ಮಂದವಾದರೆ ಅದು ಕಳೆದುಕೊಳ್ಳುವುದು ಸದ್ದನ್ನಷ್ಟೇ ಅಲ್ಲ. ಅವ್ವ ಎನ್ನುವ ಪದವನ್ನೂ, ಮುಂದೆ ಶಾಲೆಯಲ್ಲಿ ಮುಂದಿನ ಸಾಲನ್ನೂ ಕಳೆದುಕೊಳ್ಳುತ್ತದೆ. ಕೇಳಿಸದ ಮಗುವನ್ನು ನಾವು ದಡ್ಡ ಎಂದು ಕರೆಯುತ್ತೇವೆ.

ಈ ಕಾಯಿಲೆಗೆ ಔಷಧಿಯೇ ಇಲ್ಲದಿದ್ದರೆ ನಾನು ಇಷ್ಟು ನೋವಿನಿಂದ ಬರೆಯುತ್ತಿರಲಿಲ್ಲ. ಔಷಧಿ ಇದೆ. ಯಕೃತ್ತು, ಗುಲ್ಮ, ರಕ್ತ ತಯಾರಾಗುವ ಮಜ್ಜೆ, ಇವುಗಳಿಗೆ ಕಾಯಿಲೆ ಮುಟ್ಟದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಚಿಕಿತ್ಸೆಯ ಬೆನ್ನೆಲುಬು ವಿನ್‌ಬ್ಲಾಸ್ಟಿನ್ ಎಂಬ ಇಂಜೆಕ್ಷನ್ ಮತ್ತು ಪ್ರೆಡ್ನಿಸೋಲೋನ್ ಎಂಬ ಮಾತ್ರೆ. ಮೊದಲು ಕೆಲವು ವಾರ ವಾರಕ್ಕೊಮ್ಮೆ, ಆಮೇಲೆ ಮೂರು ವಾರಕ್ಕೊಮ್ಮೆ, ಒಟ್ಟು ಸುಮಾರು ಒಂದು ವರ್ಷ. ಪೂರ್ತಿ ವರ್ಷ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ. ಕೊರೆದುಹೋದ ಎಲುಬು ಮತ್ತೆ ತುಂಬಿಕೊಳ್ಳುವುದನ್ನು ಸ್ಕ್ಯಾನಿನಲ್ಲಿ ಕಾಣಬಹುದು.

ಆ ವಿನ್‌ಬ್ಲಾಸ್ಟಿನ್ ಬಂದದ್ದು ಎಲ್ಲಿಂದ ಗೊತ್ತೇ? ನಮ್ಮ ಅಂಗಳದಲ್ಲಿ, ಗುಡಿಯ ಕಟ್ಟೆಯಲ್ಲಿ, ದರ್ಗಾದ ಗೋಡೆಯ ಪಕ್ಕ ವರ್ಷವಿಡೀ ಅರಳುವ ನಸುಗೆಂಪು, ಬಿಳಿ ಸದಾಪುಷ್ಪದಿಂದ. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ಇಬ್ಬರು ಸಂಶೋಧಕರು ಕೆನಡಾದಲ್ಲಿ 1958ರಲ್ಲಿ ಆ ಗಿಡದಿಂದ ಈ ಔಷಧಿಯನ್ನು ಬೇರ್ಪಡಿಸಿದರು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಗಿಡವನ್ನು ಕಿತ್ತು ಕಷಾಯ ಮಾಡಿ ಕುಡಿಸಬೇಡಿ, ಅದು ವಿಷ. ಆಸ್ಪತ್ರೆಯಲ್ಲಿ ತೂಕ ನೋಡಿ, ರಕ್ತ ಪರೀಕ್ಷಿಸಿ ಕೊಟ್ಟಾಗಲಷ್ಟೇ ಅದು ಔಷಧಿ. ನಾನು ಹೇಳಬೇಕೆಂದಿರುವುದು ಇಷ್ಟು: ಮದ್ದಿನ ಗಿಡ ನಮ್ಮ ಹೊಸ್ತಿಲಲ್ಲೇ ಅರಳುತ್ತಿರುವಾಗ, ಕಾಯಿಲೆಯ ಹೆಸರು ತಿಳಿಯದೆ ಒಂದು ಮಗು ಒಳಮನೆಯಲ್ಲಿ ಕಿವುಡಾಗುವುದನ್ನು ಯಾವ ಮನಸ್ಸು ಒಪ್ಪೀತು?

ವ್ಯವಸ್ಥೆಯೂ ಇಲ್ಲವೆಂದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಿವಿಯ ಸೋಂಕು ಇದೆ. ಹದಿನಾಲ್ಕು ದಿನ ದಾಟಿ ಸೋರಿದರೆ ಅದು ಹಳೆಯ ಕಾಯಿಲೆ, ಕಿವಿಯ ಹಿಂದೆ ಮುಟ್ಟಿದರೆ ನೋಯುವ ಬಾವಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಎಂಬ ನಿಯಮ ಆರೋಗ್ಯ ಕಾರ್ಯಕರ್ತೆಯರ ತರಬೇತಿಯಲ್ಲೇ ಇದೆ. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ, 1963ರಿಂದ ನಡೆಯುತ್ತಿರುವ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಮಕ್ಕಳ ಕ್ಯಾನ್ಸರಿಗೇ ಪ್ರತ್ಯೇಕ ವಿಭಾಗವಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಸರೆಯಾಗುತ್ತದೆ. 2023ರ ಜೂನ್‌ನಿಂದ ತಾಯಿ ಮಗುವನ್ನು ಎತ್ತಿಕೊಂಡು ಸಾಮಾನ್ಯ ಸರ್ಕಾರಿ ಬಸ್ಸು ಹತ್ತಿದರೆ ಅವಳ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಜೇವರ್ಗಿಯಿಂದಲೂ ಆಳಂದದಿಂದಲೂ ಕಲಬುರಗಿ ನಲವತ್ತು ಕಿಲೋಮೀಟರಿನ ಆಸುಪಾಸು. ಅಫಜಲಪುರದಿಂದ ಇನ್ನೊಂದಿಷ್ಟು ದೂರ.

ಹಾಗಾದರೆ ಕೊರತೆ ಎಲ್ಲಿದೆ? ಒಂದು ಕೊಂಡಿಗೂ ಇನ್ನೊಂದು ಕೊಂಡಿಗೂ ನಡುವೆ ಇದೆ. ಅಲ್ಲಿ ಇರಬೇಕಾದದ್ದು ಹಣವಲ್ಲ, ಯಂತ್ರವಲ್ಲ. ನನ್ನ ಕೈ ದಾಟಿ ಹೋದ ಮಗುವಿಗೆ ಮುಂದೇನಾಯಿತು ಎಂದು ಕೇಳುವ ಮನುಷ್ಯ. ಅದಕ್ಕೇ ಈ ಕರೆ.

ತಾಯಂದಿರೇ, ಆಯಿ, ಅಜ್ಜಿಯರೇ, ನಿಮಗೆ ನನ್ನ ಮೊದಲ ಬಿನ್ನಹ. ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸಿನ ದಿನ, ಅಮಾವಾಸ್ಯೆ ಎಲ್ಲ ಅದರ ಮೇಲೆಯೇ. ಮಗುವಿನ ಕಿವಿ ಸೋರಲು ಶುರುವಾದ ದಿನಕ್ಕೂ ಒಂದು ಗುರುತು ಹಾಕಿ. ಡಾಕ್ಟರಿಗೆ ತೋರಿಸಿ, ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ತಪ್ಪದೆ ಹಾಕಿ, ಸ್ವಚ್ಛ ಹತ್ತಿಬಟ್ಟೆಯ ಬತ್ತಿಯಿಂದ ಕಿವಿ ಒಣಗಿಸಿ. ಎಣ್ಣೆ, ಸೊಪ್ಪಿನ ರಸ ಬಿಡಬೇಡಿ. ಹದಿನಾಲ್ಕು ದಿನಕ್ಕೂ ಒಣಗದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರನ್ನೇ ಕೇಳಿ. ಹಳೆಯ ಚೀಟಿ, ಖಾಲಿ ಬಾಟಲಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಗಾಣಗಾಪುರದ ದತ್ತನಿಗೆ ಹರಕೆ ಹೊರಿ, ಆಳಂದದ ಲಾಡ್ಲೆ ಮಶಾಕರ ಮುಂದೆ ಸೆರಗೊಡ್ಡಿ. ನಿಮ್ಮ ನಂಬಿಕೆಯ ನಡುವೆ ನಾನು ಬರುವುದಿಲ್ಲ. ಆದರೆ ಅಲ್ಲಿಂದ ಎದ್ದವರು ಕಲಬುರಗಿ ಬಸ್ಸು ಹತ್ತಿ. ಡಾಕ್ಟರ ಮುಂದೆ ನಾಚದೆ ಹೇಳಿ: ನೀರು ಬಹಳ ಕುಡಿಯುತ್ತಾನೆ, ನೆತ್ತಿ ಹಕ್ಕಳೆಗಟ್ಟಿದೆ, ಹಲ್ಲು ಅಲುಗುತ್ತಿದೆ. ಅವರು ಕೇಳದಿದ್ದರೂ ಹೇಳಿ.

ಮೆಡಿಕಲ್ ಅಂಗಡಿಯ ಅಣ್ಣಂದಿರೇ, ಊರಲ್ಲಿ ಇಂಜೆಕ್ಷನ್ ಮಾಡುವವರೇ, ಜನ ಮೊದಲು ಬರುವುದು ನಿಮ್ಮಲ್ಲಿಗೆ. ಅದು ನಿಮ್ಮ ಮೇಲಿನ ನಂಬಿಕೆ. ಅದೇ ಮಗುವಿಗೆ ಎರಡನೇ ಬಾಟಲಿ ಕೇಳಿ ಬಂದರೆ ಕೊಡುವ ಮುಂಚೆ ಕೈ ತಡೆಯಿರಿ. ಸ್ಟಿರಾಯ್ಡ್ ಕೊಟ್ಟರೆ ಬಾವು ಕೆಲವು ದಿನ ಇಳಿದಂತೆ ಕಾಣಬಹುದು, ಕಾಯಿಲೆ ಮಾತ್ರ ಇನ್ನೂ ಆಳಕ್ಕೆ ಮರೆಯಾಗುತ್ತದೆ. ಒಂದು ಬಾಟಲಿಯ ಲಾಭ ಬಿಟ್ಟು "ದೊಡ್ಡಾಸ್ಪತ್ರೆಗೆ ಹೋಗ್ರಿ" ಎಂದರೆ ಅದಕ್ಕಿಂತ ದೊಡ್ಡ ಪುಣ್ಯ ಯಾವ ಜಾತ್ರೆಯಲ್ಲೂ ಸಿಗದು.

ಅಂಗನವಾಡಿಯ ಅಕ್ಕಂದಿರೇ, ಆಶಾ ತಾಯಂದಿರೇ, ಯಾವ ಮಗುವಿನ ಕಿವಿಯಲ್ಲಿ ಸದಾ ಹತ್ತಿ ಇರುತ್ತದೆಂದು ನಿಮಗೆ ಗೊತ್ತು. ತೂಕದ ಪಟ್ಟಿಯ ಪಕ್ಕದಲ್ಲಿ ಅದರ ಹೆಸರು ಬರೆದಿಟ್ಟುಕೊಳ್ಳಿ. ಆರೋಗ್ಯ ತಂಡದ ಜೀಪು ಬಂದ ದಿನ ಆ ಮಗು ಗೈರಾಗದಂತೆ ನೋಡಿ. ನಿಮಗೆ ಸಿಗುವ ಗೌರವಧನದ ಮುಂದೆ ನಾವು ನಿಮ್ಮಿಂದ ಕೇಳುವುದು ಬಹಳ ಹೆಚ್ಚೆಂದು ಬಲ್ಲೆ. ಆದರೂ ಕೇಳುತ್ತೇನೆ, ಏಕೆಂದರೆ ಆ ಮಗುವನ್ನು ಹೆಸರು ಹಿಡಿದು ಬಲ್ಲ ಸರ್ಕಾರ ಎಂದರೆ ನೀವೊಬ್ಬರೇ.

ವೈದ್ಯರೇ, ನಿಮ್ಮ ಮುಂದೆ ದಿನಕ್ಕೆ ನೂರು ರೋಗಿಗಳ ಸಾಲಿದೆ. ಆದರೂ ಸೋರುವ ಕಿವಿಯ ಮಗು ಬಂದಾಗ ಕಿವಿಯ ಹಿಂದೆ ಬೆರಳಿಟ್ಟು ನೋಡಿ, ತಲೆ ಸವರಿ ನೋಡಿ, ಬಾಯಿ ತೆರೆಸಿ ನೋಡಿ. ಔಷಧಿ ಸೋತಾಗ ಔಷಧಿಯನ್ನಷ್ಟೇ ಬದಲಿಸಬೇಡಿ, ಅನುಮಾನವನ್ನೂ ಬದಲಿಸಿ. ಕಿವಿಯೊಳಗೆ ಮಾಂಸದ ಗಂಟು ಕಂಡ ತಜ್ಞರು ಸ್ಕ್ಯಾನ್ ಮಾಡಿಸಿ. ಎಲುಬಿನ ಸೋಂಕೆಂದು ಆಪರೇಷನ್ ಮಾಡಿದಾಗ ತೆಗೆದ ಚೂರನ್ನು ಎಸೆಯಬೇಡಿ. ಫಾರ್ಮಲಿನ್‌ಗೆ ಹಾಕಿ ಪೆಥಾಲಜಿಗೆ ಕಳಿಸಿ. ಈ ಕಾಯಿಲೆಯ ಕೊನೆಯ ಸಾಕ್ಷಿ ಅದೇ ಚೂರು. ಸಿಡಿ1ಎ ಪರೀಕ್ಷೆ ಮಾಡಿಸಿದರೆ ಅದು ತನ್ನ ಹೆಸರನ್ನು ತಾನೇ ಹೇಳುತ್ತದೆ. ವರದಿ ಬಂದ ಮೇಲೆ ಆ ಕುಟುಂಬವನ್ನು ಬೆಂಗಳೂರಿನ ಹೆಸರು ಬರೆದ ಚೀಟಿಯೊಂದಿಗೆ ಬೀದಿಗೆ ಬಿಡಬೇಡಿ. ಅಲ್ಲಿಯ ಡಾಕ್ಟರಿಗೆ ನೀವೇ ಒಂದು ಫೋನ್ ಮಾಡಿ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕರೆದು ಆಯುಷ್ಮಾನ್ ಯೋಜನೆಯ ಕಾಗದಪತ್ರ ಮಾಡಿಸಿಕೊಡಿ.

ಇನ್ನು ಆಳುವವರಿಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತ್ತು. ಆಮೇಲೆ ಹೋರಾಟ ಮಾಡಿ ಸಂವಿಧಾನದ 371(ಜೆ) ವಿಧಿ ಪಡೆದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಈ ಸೀಮೆಯ ಅಭಿವೃದ್ಧಿ ಮಂಡಳಿಗೆ ವರ್ಷ ವರ್ಷ ಸಾವಿರಾರು ಕೋಟಿ ರೂಪಾಯಿ ಬರುತ್ತದೆ. ಆ ಹಣದಲ್ಲಿ ಕಮಾನು, ಭವನ, ರಸ್ತೆ ಏಳುತ್ತವೆ. ಏಳಲಿ. ಅದರ ಜೊತೆಗೆ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಕಿವಿಯೊಳಗೆ ನೋಡುವ ಒಳ್ಳೆಯ ಉಪಕರಣ, ಶ್ರವಣ ಪರೀಕ್ಷಿಸುವ ಒಬ್ಬರು, ವಾರಕ್ಕೆ ಗೊತ್ತಾದ ಒಂದು ದಿನ ಕಿವಿಯ ತಜ್ಞರು ಇರುವಂತೆ ಮಾಡಿ. ಒಣಗದ ಕಿವಿಯ ಮಗುವಿಗೆ ಕಲಬುರಗಿಯಲ್ಲಿ ಸಾಲಿಲ್ಲದೆ ಸ್ಕ್ಯಾನ್ ಸಿಗಲಿ. ವರ್ಷವಿಡೀ ನಡೆಯುವ ಇಂಜೆಕ್ಷನ್ನಿಗಾಗಿ ಕೂಲಿಯ ಕುಟುಂಬ ಪ್ರತಿ ಸಲ ಒಂದು ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಾಗದಂತೆ, ಅಲ್ಲಿಯವರ ಸಲಹೆಯ ಮೇಲೆ ಕಲಬುರಗಿಯಲ್ಲೇ ಕೊಡುವ ಏರ್ಪಾಡು ಆಗಲಿ. ಕಲ್ಯಾಣ ಎಂಬ ಪದ ಹೊತ್ತ ಸೀಮೆಗೆ ಇದಕ್ಕಿಂತ ಕಡಿಮೆಯದು ಒಪ್ಪುವುದಿಲ್ಲ.

ಅಪರೂಪ ಎನ್ನುವುದು ಲೆಕ್ಕ ಬರೆಯುವವರ ಮಾತು. ಹತ್ತು ಲಕ್ಷದಲ್ಲಿ ನಾಲ್ಕೈದು ಎಂದು ಬರೆಯುವ ಕೈಗೆ ಅದು ಅಪರೂಪ. ಕೌದಿ ಮಡಚುವ ಕೈಗೆ ಇರುವುದು ಒಂದೇ ಮಗು, ಆ ಮಗುವಿಗೆ ಇರುವುದು ಎರಡೇ ಕಿವಿ.

ಆ ಮಗು ಈ ಹೊತ್ತು ಭೀಮೆಯ ದಂಡೆಯಲ್ಲಿದೆಯೋ, ಅಮರ್ಜೆಯ ದಂಡೆಯಲ್ಲಿದೆಯೋ ನಾನರಿಯೆ. ಇನ್ನೂ ಹುಟ್ಟಿರಲೂ ಇಲ್ಲವೇನೋ. ಅದು ಹುಟ್ಟಿ, ಅದರ ಕಿವಿ ಸೋರಲು ಶುರುವಾಗುವ ದಿನಕ್ಕೆ ಮುಂಚೆ ನಾವು ಕಲಿಯಬೇಕಾದದ್ದು ಒಂದೇ ಪ್ರಶ್ನೆ. ತಾಯಿ ಅಂಗಡಿಯವನನ್ನು ಕೇಳಲಿ. ಅಂಗನವಾಡಿಯ ಅಕ್ಕ ತಾಯಿಯನ್ನು ಕೇಳಲಿ. ಡಾಕ್ಟರು ತಮ್ಮನ್ನೇ ಕೇಳಿಕೊಳ್ಳಲಿ. ಹದಿನೈದನೆಯ ಬೆಳಗ್ಗೆಯೂ ಕೌದಿಯ ಮೇಲೆ ಹಳದಿ ಕಲೆ ಕಂಡರೆ, ಮಡಚಿ ಮೂಲೆಗಿಡುವ ಮುಂಚೆ ಯಾರಾದರೂ ಒಬ್ಬರು ಕೇಳಲಿ:

ಈ ಕಿವಿ ಯಾಕೆ ಒಣಗಲಿಲ್ಲ?